ಜೋಡಿ ಎಂಜಿನ್ ನಡುದಾರಿಯಲ್ಲಿ ಕಳಚದಂತೆ ನಾನು ಮಾಡಿಕೊಂಡದ್ದು

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹಳಿಯ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ತುಂಬಿದ ಗೂಡ್ಸ್ ಗಾಡಿಯನ್ನು ಅಲ್ಲಿ ಒಂದೇ ಎಂಜಿನ್ ಹತ್ತಿಸಲಾರದು. ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಕಟ್ಟಿರುವುದು ಅದೇ ಘಾಟಿಯ ಪುಟ್ಟ ರೂಪ, ಮಾದರಿ ರೈಲು ಓಡಿಸಲು. ಏರು ಅಷ್ಟೇ ಇಟ್ಟಿದ್ದೇನೆ. ಹಾಗಾಗಿ ಇಲ್ಲೂ ಎಳೆಯಲು ಎರಡು ಎಂಜಿನ್ ಬೇಕೇ ಬೇಕು.

ಸ್ಕೇಲ್ ಎಚ್‌ಒ, ಅಂದರೆ ನಿಜವಾದ ರೈಲಿನ 87ರಲ್ಲಿ 1 ಪಾಲು. ಹಳಿಗಳ ನಡುವೆ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಲೆಕ್ಕ ಹಾಕಿದರೆ ಹಳಿಗಳ ನಡುವೆ 19 ಮಿ.ಮೀ.ಗಿಂತ ಜಾಸ್ತಿ ಇರಬೇಕಿತ್ತು. ಅದನ್ನು ಕಂಡೂ ಕಾಣದ ಹಾಗೆ ಇರುವುದೇ ಈ ಹವ್ಯಾಸದ ಧರ್ಮ! ಎಂಜಿನ್‌ಗಳು ಅಮೆರಿಕದ ಎಂಜಿನ್ ತಯಾರಕ ಕಂಪನಿ ಇಎಂಡಿಯ ಮಾದರಿಗಳು. ನಮ್ಮ ಗೂಡ್ಸ್ ಡೀಸೆಲ್ ಎಂಜಿನ್ ಡಬ್ಲ್ಯೂಡಿಜಿ-4 ಕೂಡ ಇಎಂಡಿ ವಿನ್ಯಾಸವೇ, ಹಾಗಾಗಿ ಕೃಷ್ಣರಾಜಪುರಂ ಶೆಡ್ಡಿನ ಬಣ್ಣ ಬಳಿದರೆ ದೂರದಿಂದ ನೋಡುವವರಿಗೆ ಧಾರಾಳವಾಗಿ ಸಾಕು.

ಎರಡು ಎಂಜಿನ್ ಸೇರಿಸುವ ಕೊಂಡಿ, ಅಂದರೆ ಕಪ್ಲರ್, ಬಿಟ್ಟಾಗ ಎಲ್ಲರೂ ಮೊದಲು ಬೈಯುವುದು ಕಪ್ಲರನ್ನೇ. ಹೊಸದು ತರಿಸಿ ಹಾಕುತ್ತಾರೆ. ನಾನು ಕಂಡಂತೆ ಹೆಚ್ಚಿನ ಸಲ ತೊಂದರೆ ಇರುವುದು ಬೇರೆ ಕಡೆ. ಅದನ್ನು ಹುಡುಕಲು ಮಗಳಿಗೆ ಒಂದು ಕೆಲಸ ಕೊಟ್ಟೆ. ಜೋಡಿ ಎಲ್ಲಿ ಕಳಚುತ್ತದೋ ಅಲ್ಲಿ ಹಳಿಯ ಪಕ್ಕ ಬಣ್ಣದ ಟೇಪಿನ ಚೂರು ಅಂಟಿಸಬೇಕು. "ಅಪ್ಪಾ, ಮತ್ತೆ ಬಿಟ್ಕೊಳ್ತು!" ಅನ್ನುವುದು ಅವಳಿಗೆ ಆಟವೇ ಆಗಿಹೋಯಿತು. ಟೇಪೆಲ್ಲ ಒಂದೆರಡು ಜಾಗದಲ್ಲೇ ಗುಂಪಾದರೆ ದೋಷ ಹಳಿಯದು. ಎಲ್ಲೆಂದರಲ್ಲಿ ಚೆಲ್ಲಿದ್ದರೆ ಕಪ್ಲರ್ ಎತ್ತರದ್ದು, ಇಲ್ಲವೇ ವೇಗದ್ದು. ನಮ್ಮಲ್ಲಿ ಎರಡೂ ಇದ್ದವು.

ಹಳಿಯಿಂದ ಶುರು ಮಾಡಿದೆ. ಟೇಪು ಗುಂಪಾಗಿದ್ದು ಏರು ಶುರುವಾಗುವ ಕಡೆ ಮತ್ತು ಎರಡು ಪ್ಲೈವುಡ್ ಹಲಗೆ ಸೇರುವ ಕಡೆ. ಎಂಜಿನ್ ಸುಮಾರು 25 ಸೆಂ.ಮೀ. ಉದ್ದ. ಚಕ್ರಗಳಿಂದ ಆಚೆಗೆ ಮೂತಿ ಚಾಚಿಕೊಂಡಿರುತ್ತದೆ. ಸಮತಟ್ಟಿನಿಂದ ತಟ್ಟನೆ ಏರು ಬಂದರೆ ಒಂದರ ಮೂತಿ ಮೇಲೇಳುತ್ತದೆ, ಇನ್ನೊಂದರದು ಅಲ್ಲೇ ಇರುತ್ತದೆ. ಒಂದು ಕಪ್ಲರ್ ಇನ್ನೊಂದರ ಮೇಲಿನಿಂದ ಜಾರಿ ಹೊರಬರುತ್ತದೆ. ರಸಮಟ್ಟ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 30 ಸೆಂ.ಮೀ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಳಿಯ ಮೇಲಿಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಕೆಳಗೆ ಬೆಳಕು ಕಂಡರೆ ಅಲ್ಲಿ ತಗ್ಗು. ಏರಿನ ಬುಡದಲ್ಲಿ ಹಳಿ ಬಿಚ್ಚಿ, ಮೊದಲು 100ಕ್ಕೆ 1, ಆಮೇಲೆ 50ಕ್ಕೆ 1 ಬರುವ ಹಾಗೆ ಕೆಳಗೆ ತೆಳು ರಟ್ಟು ತುರುಕಿದೆ. ತುದಿಯಲ್ಲೂ ಹಾಗೇ. ಬೇಸಿಗೆಯಲ್ಲಿ ಮಹಡಿ ಕೋಣೆ ಕಾದಾಗ ಹಲಗೆಯ ಸೇರುವೆ ಮತ್ತೆ ಉಬ್ಬುತ್ತದೆ, ಆಗ ಇನ್ನೊಮ್ಮೆ ನೋಡಿಕೊಳ್ಳುತ್ತೇನೆ.

ಇನ್ನು ಎತ್ತರ. ಎಚ್‌ಒನಲ್ಲಿ ಕಪ್ಲರಿನ ನಡುಮಟ್ಟ ಹಳಿಯ ಮೇಲ್ಮೈಯಿಂದ ಸುಮಾರು 9.9 ಮಿ.ಮೀ. ಇರಬೇಕು. ಕೇಡೀ ಕಂಪನಿಯ ಎತ್ತರ ಅಳೆಯುವ ಗೇಜ್ ಒಂದಿದೆ. ಹಳಿಯ ಮೇಲಿಟ್ಟು ಎಂಜಿನ್ ಪಕ್ಕಕ್ಕೆ ತಂದರೆ ಸಾಕು, ಹೆಚ್ಚುಕಡಿಮೆ ಕಣ್ಣಿಗೇ ಕಾಣುತ್ತದೆ. ಈ ಹವ್ಯಾಸದಲ್ಲಿ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದಿದ್ದು ನನಗೆ ಇದೊಂದರಲ್ಲೇ. ಕಪ್ಲರ್ ತಲೆ ಬಗ್ಗಿಸಿದ್ದರೆ ಅದರ ಡಬ್ಬಿಯೊಳಗೆ ತೆಳು ಪ್ಲಾಸ್ಟಿಕ್ ಚೂರು ಇಡಿ. ಎಂಜಿನ್ನಿನ ಮೈಯೇ ತಗ್ಗಾಗಿದ್ದರೆ ಬೋಗಿಯ (ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನ) ತಿರುಗುಗುಂಡಿಗೆ ವಾಷರ್ ಹಾಕಿ. ಪ್ಲಾಸ್ಟಿಕ್ ಕಪ್ಲರ್‌ಗಳನ್ನು ತೆಗೆದು ಲೋಹದ್ದು ಹಾಕಿದೆ. ಪ್ಲಾಸ್ಟಿಕ್ಕಿನ ಸ್ಪ್ರಿಂಗ್ ಕೆಲವು ದಿನ ಎಳೆದ ಮೇಲೆ ಸೋಲುತ್ತದೆ. ಎಣ್ಣೆ ಮಾತ್ರ ಹಾಕಬೇಡಿ. ನಮ್ಮೂರಿನ ಧೂಳು ಎಣ್ಣೆಗೆ ಹತ್ತಿಕೊಂಡರೆ ಕಪ್ಲರ್ ಅಲುಗಾಡುವುದೇ ಇಲ್ಲ. ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು.

ಕಪ್ಲರಿನ ಕೆಳಗೆ ಏರ್ ಹೋಸ್ ಹಾಗೆ ಕಾಣುವ ಬಾಗಿದ ಉಕ್ಕಿನ ಪಿನ್ ಇರುತ್ತದಲ್ಲ, ಅದು ಚಂದಕ್ಕಲ್ಲ. ಹಳಿ ನಡುವಿನ ಆಯಸ್ಕಾಂತ ಅದನ್ನು ಪಕ್ಕಕ್ಕೆ ಎಳೆದು ಕಪ್ಲರ್ ಬಿಡಿಸುತ್ತದೆ. ತುಂಬಾ ಕೆಳಗೆ ಜೋತರೆ ದಾರಿ ಬದಲಿಸುವ ಪಾಯಿಂಟಿನ ಹಳಿಗೆ ಬಡಿಯುತ್ತದೆ. ಆಯಸ್ಕಾಂತದ ಮೇಲೆ ಹಾದುಹೋಗುವಾಗ ಎಳೆತ ಸ್ವಲ್ಪ ಸಡಿಲವಾದರೂ ಬೇಡದ ಕಡೆ ಕಳಚುತ್ತದೆ. ಎರಡು ಎಂಜಿನ್ ಮುಖಾಮುಖಿಯಾಗುವ ತುದಿಗಳ ಪಿನ್ ಕತ್ತರಿಸಿಬಿಟ್ಟೆ. ಹೊರತುದಿಗಳದ್ದು ಹಾಗೇ ಇದೆ.

ಇಷ್ಟೆಲ್ಲ ಆದರೂ ತಿರುವಿನಲ್ಲಿ ಆಗಾಗ ಬಿಡುತ್ತಿತ್ತು. ಅದು ವೇಗದ ಜಗಳ. ಒಂದೇ ಕಂಪನಿಯ ಎರಡು ಎಂಜಿನ್ ಕೂಡ ಒಂದೇ ವೇಗದಲ್ಲಿ ಓಡುವುದಿಲ್ಲ. ಹಿಂದಿನದು ಜೋರಾದರೆ ಮುಂದಿನದನ್ನು ನೂಕುತ್ತದೆ, ಮರುಕ್ಷಣ ಜಗ್ಗುತ್ತದೆ. ಆ ಜಗ್ಗಾಟದಲ್ಲಿ ಎಂಥ ಕಪ್ಲರೂ ಬಾಯಿ ಬಿಡುತ್ತದೆ. ನನ್ನದು ಡಿಸಿಸಿ, ಅಂದರೆ ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ. ಎರಡನ್ನೂ ಬೇರೆ ಬೇರೆಯಾಗಿ ಒಂದೇ ಸುತ್ತಿನ ಮೇಲೆ, ನಡುವೆ ಜಾಗ ಬಿಟ್ಟು, ಒಂದೇ ಸ್ಪೀಡ್ ಸ್ಟೆಪ್‌ನಲ್ಲಿ ಓಡಿಸಿದೆ. ಜೋರಾಗಿ ಓಡುವುದನ್ನೇ ಇಳಿಸಬೇಕು, ನಿಧಾನದ್ದನ್ನು ಏರಿಸಲು ಹೋಗಬಾರದು. ಎಂಜಿನ್ನಿನೊಳಗಿನ ಚಿಪ್ಪಿನಲ್ಲಿ ಇದಕ್ಕೆ ಸಿವಿ ಎಂಬ ನಂಬರಿನ ಸೆಟ್ಟಿಂಗ್ ಇರುತ್ತವೆ: ಶುರುವಿನ ವೇಗಕ್ಕೆ ಸಿವಿ 2, ನಡುವಿನದಕ್ಕೆ 6, ಗರಿಷ್ಠಕ್ಕೆ 5. ಸಿವಿ 3 ಮತ್ತು 4 ಎರಡರಲ್ಲೂ ಒಂದೇ ರೀತಿ ಹೊರಟು ಒಂದೇ ರೀತಿ ನಿಲ್ಲುವ ಹಾಗೆ ಇಟ್ಟೆ. ಮುಂದಿನದು ಕೂದಲೆಳೆಯಷ್ಟು ಜೋರಿದ್ದರೆ ಒಳ್ಳೆಯದು, ಕೊಂಡಿ ಯಾವಾಗಲೂ ಬಿಗಿಯಾಗಿರುತ್ತದೆ. ಆಮೇಲೆ ಸಿವಿ 19ರಲ್ಲಿ ಎರಡನ್ನೂ ಒಂದೇ ನಂಬರಿಗೆ ಕಟ್ಟಿದೆ.

ಡಿಸಿಸಿ ಇಲ್ಲದ ಗೆಳೆಯರೊಬ್ಬರು ಎಸ್‌ಪಿ ರೋಡಿನಿಂದ ಡಯೋಡ್ ತಂದು, ಎದುರುಬದುರಾಗಿ ಜೋಡಿಸಿ, ಜೋರು ಎಂಜಿನ್ನಿನ ಮೋಟಾರ್ ದಾರಿಯಲ್ಲಿ ಕೂರಿಸಿದ್ದಾರೆ. ಒಂದು ಜೋಡಿಗೆ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಅಗ್ಗದ ಉಪಾಯ, ಚೆನ್ನಾಗೇ ನಡೆಯುತ್ತಿದೆ.

ಕೊನೆಗೆ ಎಂದೂ ಬೇರೆಯಾಗಬೇಕಿಲ್ಲದ ಆ ಜೋಡಿಯ ನಡುವಿನ ಕಪ್ಲರನ್ನೇ ತೆಗೆದೆ. ತೆಳು ಹಿತ್ತಾಳೆ ಪಟ್ಟಿಗೆ ಎರಡು ತೂತು ಕೊರೆದು ಸ್ಕ್ರೂನಿಂದ ಸಡಿಲವಾಗಿ ಸೇರಿಸಿದೆ. ಉದ್ದವನ್ನು ನಮ್ಮ ಅತಿ ಬಿಗಿ ತಿರುವಿನಲ್ಲಿ ಮೂತಿಗೆ ಮೂತಿ ತಾಗದಷ್ಟು ಇಟ್ಟೆ. "ಸಾರ್, ನಿಜವಾದ ರೈಲಲ್ಲಿ ಹೀಗಿರುತ್ತಾ?" ಅಂತ ಅದೇ ಗೆಳೆಯರು ಕೇಳಿದರು. ಮಧೇಪುರದಲ್ಲಿ ತಯಾರಾಗುವ ಡಬ್ಲ್ಯೂಎಜಿ-12 ಎರಡು ಭಾಗ ಸೇರಿ ಒಂದು ಎಂಜಿನ್ ಅಲ್ವಾ, ಅಂದೆ. ಹಾಗಂತ ಮೊದಲಿನ ಕೆಲಸ ತಪ್ಪುವುದಿಲ್ಲ. ಹಳಿ ಸರಿಯಿಲ್ಲದಿದ್ದರೆ ಪಟ್ಟಿ ಕಳಚುವುದಿಲ್ಲ, ಬದಲಿಗೆ ಎಂಜಿನ್ನೇ ಹಳಿ ತಪ್ಪುತ್ತದೆ.

ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನಿಗೆ ಮಾತ್ರ ಕಪ್ಲರೇ, ಪಿನ್ ಸಮೇತ. ನನ್ನ ಸಕಲೇಶಪುರ ಸ್ಟೇಷನ್ನಿನಲ್ಲಿ ಅದು ಕಳಚಬೇಕು. ಆಯಸ್ಕಾಂತದ ಮೇಲೆ ನಿಲ್ಲಿಸಿ, ಒಂಚೂರು ಮುಂದಕ್ಕೆ ತಳ್ಳಿ ಎಳೆತ ಸಡಿಲ ಮಾಡಿ, ಆಮೇಲೆ ಹಿಂದಕ್ಕೆ ಬಂದರೆ ಬಿಡುತ್ತದೆ.