ಕ್ಯಾಲಿಫೋರ್ನಿಯಾದ ಕೌಂಟಿ ಕೋರ್ಟಿನಿಂದ ಕ್ರಿಮಿನಲ್ ದಾಖಲೆ ಪಡೆದ ಬಗೆ

ಪೌರತ್ವದ ಅರ್ಜಿಗೆ ಬೇಕಿದ್ದ ಹಳೆಯ ಪ್ರಕರಣವೊಂದರ ಅಂತಿಮ ಆದೇಶ ಆನ್‌ಲೈನ್‌ನಲ್ಲಿ ತೆರೆಯುತ್ತಿರಲಿಲ್ಲ; ಕ್ಯಾಲಿಫೋರ್ನಿಯಾದ ನ್ಯಾಯಾಲಯ ನಿಯಮ 2.503ರ ಪ್ರಕಾರ ಕ್ರಿಮಿನಲ್ ಕಡತಗಳ ವಿದ್ಯುನ್ಮಾನ ಪ್ರತಿಯನ್ನು ಸಾರ್ವಜನಿಕರು ಸಾಮಾನ್ಯವಾಗಿ ಕೋರ್ಟಿನ ಕಟ್ಟಡದಲ್ಲೇ ನೋಡಬೇಕು. ಖಾಸಗಿ ಶೋಧ ತಾಣಗಳು ಹಣ ಪಡೆದು ಅಪೂರ್ಣ ಪಟ್ಟಿ ಕೊಟ್ಟವು. ಜನ್ಮದಿನಾಂಕ ಬಳಸಿ ಆನ್‌ಲೈನ್‌ನಲ್ಲಿ ಹುಡುಕುವ ದಾರಿಯನ್ನು 2021ರ ಮೇಲ್ಮನವಿ ತೀರ್ಪೊಂದು ಮುಚ್ಚಿದೆ.

ಫಲಿಸಿದ್ದು ಲಿಖಿತ ಕೋರಿಕೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು; ಪ್ರಕರಣ ದಾಖಲಾದ ಕೌಂಟಿಯ (ವಾಸವಿರುವ ಕೌಂಟಿಯದಲ್ಲ) ವಿಚಾರಣಾ ನ್ಯಾಯಾಲಯವಾದ ಸುಪೀರಿಯರ್ ಕೋರ್ಟಿನ ಕ್ರಿಮಿನಲ್ ವಿಭಾಗದ ಕ್ಲರ್ಕ್‌ಗೆ ಮೊದಲು ಹೆಸರು ಮತ್ತು ವರ್ಷ ತಿಳಿಸಿ ಪ್ರಕರಣ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರುಗಳು ಹಿಂದುಮುಂದಾಗುವ ನಮ್ಮವರು ಎಲ್ಲ ರೂಪಗಳನ್ನೂ ಬರೆಯುವುದು ಅಗತ್ಯ. ನಂತರ ಆ ಸಂಖ್ಯೆಯೊಂದಿಗೆ ‘ಸರ್ಟಿಫೈಡ್ ಡಿಸ್ಪೊಸಿಷನ್’ (ಪ್ರಕರಣದ ಅಂತಿಮ ಆದೇಶದ ದೃಢೀಕೃತ ಪ್ರತಿ) ಎಂದೇ ಸ್ಪಷ್ಟವಾಗಿ ಕೋರಬೇಕು. ಪುಟಕ್ಕೆ 50 ಸೆಂಟ್, ದೃಢೀಕರಣಕ್ಕೆ 40 ಡಾಲರ್. ಹುಡುಕಾಟ 10 ನಿಮಿಷ ಮೀರಿದರೆ ಮತ್ತೆ 15 ಡಾಲರ್. ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆಯೂ ಜೊತೆಗಿರಲಿ.