ಮೈಸೂರಿಂದ ಕಣ್ಣೂರಿನ ಕಡಲಿಗೆ: ಇಳಿತದ ಹೊತ್ತು ನೋಡಿ ಗಾಡಿ ತೆಗೆಯಿರಿ

ಮೈಸೂರಿನವರಿಗೆ ಕಡಲು ಎಂದೊಡನೆ ಬಾಯಿಗೆ ಬರುವುದು ಮಂಗಳೂರು, ಉಡುಪಿ, ಮುರ್ಡೇಶ್ವರ. ಆದರೆ ನಮಗೆ ಹತ್ತಿರದ ಕಡಲು ಕಣ್ಣೂರಿನದು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ಸುಮಾರು 180 ಕಿ.ಮೀ. ಮಂಗಳೂರಿಗಾದರೆ 250ರ ಹತ್ತಿರ. ಮಂಡ್ಯದಿಂದ ಹೊರಡುವವರು ಇನ್ನೊಂದು 45 ಸೇರಿಸಿಕೊಳ್ಳಿ. ಅಜ್ಜಿ, ತಾತ, ಮಕ್ಕಳನ್ನೆಲ್ಲ ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವಾಗ ಎಪ್ಪತ್ತು ಕಿಲೋಮೀಟರು ಉಳಿಯುವುದೆಂದರೆ ಎರಡು ತಾಸು ಗೊಣಗಾಟ ಉಳಿದಂತೆ.

ಮೂರು ರಾತ್ರಿ ಇದ್ದರೆ ಸಾಕು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕದ ಒಂದು ವಾರ ಮಾತ್ರ ಬೇಡ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ, ಮಾಕುಟ್ಟ ಘಾಟಿಯಲ್ಲಿ ಗುಡ್ಡ ಜರಿಯುವ ಭಯ ಬೇರೆ.

ರೂಮು ಹುಡುಕುವುದಕ್ಕೆ ಮುಂಚೆ ನಾನು ಉಬ್ಬರ–ಇಳಿತದ ಪಟ್ಟಿ ನೋಡುತ್ತೇನೆ. ಕಣ್ಣೂರಿನ ಕಡೆ ನೋಡಬೇಕಾದ ಎರಡು ಮುಖ್ಯ ಜಾಗಗಳು, ಮುಳಪ್ಪಿಲಂಗಾಡಿನ ಮರಳು ಮತ್ತು ಧರ್ಮಡಂನ ಬಂಡೆಗಳು, ನೀರು ಇಳಿದಾಗಲೇ ಕೈಗೆ ಸಿಗುವುದು. ಲೆಕ್ಕ ಸರಳ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮಾರನೆಯ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಶುಕ್ರವಾರ ಬೆಳಗ್ಗೆ 8ಕ್ಕೆ ಇಳಿತವಿದ್ದರೆ ಭಾನುವಾರ ಅದು 9.40ರ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಮಟ್ಟದವಲ್ಲ. ಪಟ್ಟಿಯಲ್ಲಿ ಹೊತ್ತಿನ ಪಕ್ಕದ ಮೀಟರ್ ಅಂಕಿ ಯಾವುದಕ್ಕೆ ಕಡಿಮೆಯೋ ಆ ಇಳಿತವನ್ನು ಆರಿಸಿ. ಅದು ಹಗಲಲ್ಲಿ ಬೀಳುವ ವಾರಾಂತ್ಯಕ್ಕೆ ರೂಮು ಹಿಡಿಯಿರಿ. ಊಟ, ಕೋಟೆ, ಗುಡಿ ಎಲ್ಲವನ್ನೂ ಉಬ್ಬರದ ಹೊತ್ತಿಗೆ ತಳ್ಳಬಹುದು.

ಮೈಸೂರಿನಿಂದ ಬೆಳಗ್ಗೆ ಐದೂವರೆಗೆ ಹೊರಡುತ್ತೇವೆ. ಹುಣಸೂರು ದಾಟಿ ಆನೆಚೌಕೂರು, ತಿತಿಮತಿಯ ಕಾಡಿನ ದಾರಿ. ಬೆಳಗಿನ ಹೊತ್ತು ರಸ್ತೆ ದಾಟುವ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರನ್ ಹೊಡೆಯಬೇಡಿ, ಫೋಟೋಗೆಂದು ಇಳಿಯಬೇಡಿ. ತಿಂಡಿ ವಿರಾಜಪೇಟೆಯಲ್ಲಿ. ಅಲ್ಲಿ ಹೊಟ್ಟೆ ಬಿರಿಯ ತಿಂದರೆ ಮಾಕುಟ್ಟದ ತಿರುವುಗಳಲ್ಲಿ ಅದು ಮೇಲೆ ಬರುತ್ತದೆ. ಮಕ್ಕಳಿಗೆ ಎರಡು ಇಡ್ಲಿ ಇಲ್ಲವೇ ಒಂದಿಷ್ಟು ನೂಪುಟ್ಟು (ಕೊಡಗಿನ ಒತ್ತುಶಾವಿಗೆ), ಹಾಲು ಬೇಡ. ಘಾಟಿ ಇಳಿಯುವಾಗ ವಾಂತಿ ಬರುವ ಮಗುವನ್ನು ನಡುವಿನ ಸೀಟಿನ ಕಿಟಕಿಗೆ ಕೂರಿಸಿ, ಮೊಬೈಲು ಕಿತ್ತುಕೊಳ್ಳಿ, ಗಾಜು ಇಳಿಸಿ. ಹಿಂದಿನ ಮೂರನೇ ಸಾಲು ಯಾರಿಗೂ ಬೇಡ. ಗಾಡಿಯನ್ನು ಎರಡನೇ, ಮೂರನೇ ಗೇರಿನಲ್ಲೇ ಇಳಿಸಬೇಕು. ಬ್ರೇಕೊಂದನ್ನೇ ನಂಬಿದರೆ ಕೆಳಗೆ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಕೂಟುಪುಳ ಸೇತುವೆ ದಾಟಿದರೆ ಕೇರಳ. ಇರಿಟ್ಟಿ, ಮಟ್ಟನ್ನೂರು ಮೇಲೆ ಹನ್ನೊಂದರ ಹೊತ್ತಿಗೆ ಕಣ್ಣೂರು. ಹೊರಡುವ ಹಿಂದಿನ ದಿನ ಹರತಾಳವೇನಾದರೂ ಇದೆಯೇ ಎಂದು ಸುದ್ದಿ ನೋಡುವುದನ್ನು ಮರೆಯಬೇಡಿ. ಆ ಕಡೆ ಹರತಾಳವೆಂದರೆ ಒಂದು ಲೋಟ ಚಹಾವೂ ಸಿಗುವುದು ಕಷ್ಟ.

ಮುಳಪ್ಪಿಲಂಗಾಡ್ ಕಣ್ಣೂರಿಗೂ ತಲಶ್ಶೇರಿಗೂ ನಡುವೆ ಇದೆ. ಸುಮಾರು 4 ಕಿ.ಮೀ. ಉದ್ದದ ಮರಳಿನ ಮೇಲೆ ಕಾರು ಓಡಿಸಬಹುದು. ಓಡಿಸುವ ಮೊದಲು ಗಾಡಿ ನಿಲ್ಲಿಸಿ ಐದು ನಿಮಿಷ ನೀರನ್ನು ನೋಡಿ. ಅಲೆ ಈಗಷ್ಟೇ ಬಿಟ್ಟುಹೋದ, ಕಡುಬಣ್ಣದ, ಹೆಜ್ಜೆ ಇಟ್ಟರೆ ಗುರುತು ಆಳವಾಗಿ ಮೂಡದ ಮರಳು ಗಟ್ಟಿ. ಕಣಗಳ ನಡುವಿನ ನೀರು ಅವನ್ನು ಹಿಡಿದಿಟ್ಟಿರುತ್ತದೆ. ಮೇಲುಗಡೆ ಒಣಗಿ ಬಿಳಿಚಿದ ಮರಳಿನಲ್ಲಿ ಚಕ್ರ ಕುಸಿಯುತ್ತದೆ. ಅಂಚಿನ ತೀರಾ ಕೆಳಗೆ, ನೀರು ನಿಂತು ಜಿನುಗುವ ಜಾಗವೂ ಅಷ್ಟೇ ಅಪಾಯ. ಈ ಎರಡರ ನಡುವಿನ ಪಟ್ಟಿಯಲ್ಲಿ ಗಂಟೆಗೆ 20ರ ವೇಗ ಸಾಕು. ದಡದಿಂದ ಕಡಲಿಗೆ ಹರಿಯುವ ಸಣ್ಣ ತೊರೆಗಳು ಮರಳನ್ನು ಒಂದಡಿ ಕೊರೆದಿರುತ್ತವೆ. ದೂರಕ್ಕೆ ಕಾಣುವುದಿಲ್ಲ, ಬಂಪರು ಬಡಿದಾಗಲೇ ಗೊತ್ತಾಗುವುದು.

ಸಿಕ್ಕಿಹಾಕಿಕೊಂಡರೆ ಆಕ್ಸಿಲರೇಟರು ಒತ್ತಬೇಡಿ, ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಎಲ್ಲರೂ ಇಳಿಯಲಿ. ಮುಂದಿನ ಚಕ್ರಗಳ ಮುಂದಿನ ಮರಳನ್ನು ಕೈಯಲ್ಲೇ ಬಾಚಿ ಇಳಿಜಾರು ಮಾಡಿ (ನಮ್ಮ ಮನೆಬಳಕೆಯ ಕಾರುಗಳಲ್ಲಿ ಬಹುಪಾಲು ಎಳೆಯುವುದು ಮುಂದಿನ ಚಕ್ರವೇ), ಕಾಲಡಿಯ ರಬ್ಬರ್ ಮ್ಯಾಟನ್ನು ಚಕ್ರದ ಕೆಳಗೆ ತುರುಕಿ. ಆಗಲೂ ಬರದಿದ್ದರೆ ಟೈರಿನ ಗಾಳಿಯನ್ನು 33ರಿಂದ 20ಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂತು ಮೇಲೆ ಬರುತ್ತದೆ. ಹೈವೇ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು, ಹಾಗಾಗಿ ಕಾಲಲ್ಲಿ ಒತ್ತುವ ಪಂಪೊಂದು ಡಿಕ್ಕಿಯಲ್ಲಿರಲಿ. ನೀರು ಏರತೊಡಗಿದ ಮೇಲೆ ಮರಳಲ್ಲಿ ಗಾಡಿ ನಿಲ್ಲಿಸಿ ಆಟಕ್ಕೆ ಹೋಗುವುದಂತೂ ಬೇಡವೇ ಬೇಡ. ಉಪ್ಪುನೀರನ್ನು ಸೀಳಿಕೊಂಡು ಕಾರು ಓಡಿಸಿ ವಿಡಿಯೋ ಮಾಡುವವರ ಗಾಡಿಯ ತಳ ಎರಡು ವರ್ಷದಲ್ಲಿ ಏನಾಗಿರುತ್ತದೆ ಎಂದು ಯಾವುದಾದರೂ ಗ್ಯಾರೇಜಿನಲ್ಲಿ ಕೇಳಿ ನೋಡಿ.

ಅಲ್ಲಿಂದ ಧರ್ಮಡಂಗೆ ಹೋಗುವಾಗ ಫೋನಿನ ನಕ್ಷೆ 2024ರಲ್ಲಿ ತೆರೆದ ತಲಶ್ಶೇರಿ–ಮಾಹೆ ಬೈಪಾಸಿಗೆ ಹತ್ತಿಸಲು ನೋಡುತ್ತದೆ. ಅದು ಶುರುವಾಗುವುದೇ ಮುಳಪ್ಪಿಲಂಗಾಡಿನಿಂದ. ಹತ್ತಿದರೆ ಧರ್ಮಡಂ, ತಲಶ್ಶೇರಿ ಎರಡೂ ಪಕ್ಕಕ್ಕೆ ಉಳಿದು, ಟೋಲ್ ಕಟ್ಟಿ ಮಾಹೆಯ ಆಚೆ ಇಳಿಯುತ್ತೀರಿ. ಹಳೆಯ ರಸ್ತೆಯಲ್ಲೇ ಹೋಗಿ.

ಧರ್ಮಡಂ ದಡದೆದುರು ಒಂದು ಪುಟ್ಟ ತೆಂಗಿನ ದ್ವೀಪ. ಇಳಿತದಲ್ಲಿ ಅದರ ತನಕ ನಡೆದೇ ಹೋಗಬಹುದು. ಪಟ್ಟಿಯ ಇಳಿತದ ಹೊತ್ತಿಗೆ ಒಂದು ತಾಸು ಮುಂಚೆ ಇಳಿದು, ಒಂದು ತಾಸಿನೊಳಗೆ ದಡ ಸೇರಬೇಕು. ಏರುವ ನೀರು ಬೆನ್ನ ಹಿಂದಿನ ತಗ್ಗನ್ನು ಮೊದಲು ತುಂಬುವುದರಿಂದ ಮುಂದೆ ಕಾಲು ಒಣಗಿದ್ದರೂ ದಾರಿ ಮುಚ್ಚಿರುತ್ತದೆ. ಸ್ಥಳೀಯರು ಬೇಡವೆಂದ ದಿನ ದ್ವೀಪದ ಆಸೆ ಬಿಡಿ. ನಿಜಕ್ಕೂ ನೋಡಬೇಕಾದ್ದು ದಡದ ಕಪ್ಪು ಬಂಡೆಗಳ ನಡುವೆ ನಿಂತ ನೀರಿನ ಕುಣಿಗಳನ್ನು. ಕುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೆರಳು ಬೀಳದಂತೆ ಎರಡು ನಿಮಿಷ ಅಲುಗಾಡದೆ ಇದ್ದರೆ, ಕಲ್ಲೆಂದುಕೊಂಡದ್ದು ಏಡಿಯಾಗಿ ಸರಿಯುತ್ತದೆ, ಶಂಖವೊಂದು ಕಾಲು ಚಾಚಿ ನಡೆಯುತ್ತದೆ. ಒಳಗಿರುವುದು ಸನ್ಯಾಸಿ ಏಡಿ, ಖಾಲಿ ಚಿಪ್ಪನ್ನು ಮನೆ ಮಾಡಿಕೊಂಡದ್ದು. ಹಾಗಾಗಿ ಮಕ್ಕಳು ಚಿಪ್ಪು ಆರಿಸಿ ಜೇಬಿಗೆ ಹಾಕುವ ಮುನ್ನ ಒಳಗೆ ಬಾಡಿಗೆದಾರರಿದ್ದಾರೆಯೇ ಎಂದು ನೋಡಲಿ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಮೆಲ್ಲಗೆ ಇಡಬೇಕು. ಕಾಲಿಗೆ ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿ ಬೇಕು. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲನ್ನು ಬಂಡೆಗೆ ಅಂಟಿದ ಚೂಪು ಚಿಪ್ಪುಗಳು ಕೊಯ್ಯುತ್ತವೆ.

ಈಜಿನ ವಿಷಯಕ್ಕೆ ಬಂದರೆ, ಮೈಸೂರಿನ ಈಜುಕೊಳದಲ್ಲಿ ಕಲಿತವರಿಗೆ ಕಡಲಿನ ಒಂದು ಗುಣ ಗೊತ್ತಿರುವುದಿಲ್ಲ. ಎರಡೂ ಕಡೆ ಅಲೆ ನೊರೆಯಾಗಿ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ದಡಕ್ಕೆ ಬಂದ ನೀರು ವಾಪಸು ಓಡುವ ಜಾಗ ಅದು. ಮಕ್ಕಳಿಗೆ ಸುರಕ್ಷಿತವೆಂದು ದೊಡ್ಡವರು ಬೊಟ್ಟು ಮಾಡುವುದೂ ಅದನ್ನೇ. ಎಳೆದೊಯ್ದರೆ ದಡದತ್ತ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಹೊರಬಂದು ಆಮೇಲೆ ತಿರುಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಗಾಳಿಯಿಲ್ಲ, ಮೋಡವಿಲ್ಲ, ಆದರೂ ಕಡಲು ಉಕ್ಕಿ ದಡದ ಮೇಲೆ ಬರುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ಬಂದು ಮುಟ್ಟುವುದರಿಂದ ಹೀಗಾಗುತ್ತದೆ. ಅಲ್ಲಿಯವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಮುನ್ಸೂಚನೆ ಕೊಡುತ್ತದೆ. ಅದು ಬೇಡವೆಂದ ದಿನ ನಾವು ಕಡಲ ಕಡೆ ತಲೆ ಹಾಕುವುದಿಲ್ಲ.

ಈಗ ಊಟ. ಕಣ್ಣೂರು, ತಲಶ್ಶೇರಿಗೆ ಹೋಗುವುದರಲ್ಲಿ ಅರ್ಧ ಪಾಲು ಊಟಕ್ಕೇ. ತಲಶ್ಶೇರಿ ಬಿರಿಯಾನಿಗೆ ಬಾಸುಮತಿ ಹಾಕುವುದಿಲ್ಲ, ಕೈಮ ಎಂಬ ಗಿಡ್ಡ ಅಕ್ಕಿ. ಅನ್ನ ಬೇರೆ, ಮಸಾಲೆ ಬೇರೆ ಬೇಯಿಸಿ ಆಮೇಲೆ ದಮ್ ಕಟ್ಟುವುದರಿಂದ ಅನ್ನ ಬೆಳ್ಳಗೆ ಇರುತ್ತದೆ. ನಮ್ಮ ಕಡೆಯ ದೊನ್ನೆ ಬಿರಿಯಾನಿಯ ಖಾರ, ಹಸಿರು ಮಸಾಲೆ ನಿರೀಕ್ಷಿಸಿದವರಿಗೆ ಮೊದಲ ತುತ್ತು ಸಪ್ಪೆ. ತಳದ ಮಸಾಲೆಯನ್ನು ಕೆದಕಿ ಕಲಸಿಕೊಂಡ ಮೇಲೆ ರುಚಿ. ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿ ಕೂರಿ, ಎರಡೂವರೆಯ ಮೇಲೆ ಪಾತ್ರೆಯ ತಳವೇ ಗತಿ. ಶುಕ್ರವಾರ ನಮಾಜಿನ ಹೊತ್ತಿಗೆ ಹಲವು ಹೋಟೆಲು ಬಾಗಿಲು ಹಾಕಿರುತ್ತವೆ. ರಂಜಾನಿನಲ್ಲಿ ಹಗಲೆಲ್ಲ ಮುಚ್ಚಿದ್ದರೂ ಸಂಜೆಯ ತಿಂಡಿಗಳಿಗಾಗಿಯೇ ಹೋಗಬಹುದು.

ಕಲ್ಲುಮ್ಮಕ್ಕಾಯ್ ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ, ಮಂಗಳೂರಿನವರ ಪಚ್ಚಿಲೆ. ಅಕ್ಕಿ, ತೆಂಗಿನಕಾಯಿ, ಸೋಂಪು, ಸಣ್ಣ ಈರುಳ್ಳಿ ರುಬ್ಬಿ ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ಬಿಡಿಸಿ, ಖಾರಪುಡಿ ಸವರಿ ಕೊಬ್ಬರಿ ಎಣ್ಣೆಯಲ್ಲಿ ಕರಿಯುತ್ತಾರೆ. ಮೊದಲ ಸಲ ತಿನ್ನುವವರು ಒಂದು ತಿಂದು ಅರ್ಧ ಗಂಟೆ ಕಾಯಿರಿ. ತುಟಿ ತುರಿಸಿದರೆ, ಮೈ ದದ್ದು ಎದ್ದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ. ಸೀಗಡಿ ಒಗ್ಗದವರು ಇದರ ತಂಟೆಗೇ ಹೋಗುವುದು ಬೇಡ.

ಮೀನಿಗೆ ಬೆಲೆ ತೂಕದ ಮೇಲೆ. ಮೀನನ್ನು ತೋರಿಸಿ, ತೂಕ ಎಷ್ಟು, ಹುರಿದು ಕೊಡಲು ಒಟ್ಟು ಎಷ್ಟು ಎಂದು ಕೇಳಿಯೇ ಆರ್ಡರ್ ಕೊಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಟ್ಟನೆ ಏಳಬೇಕು. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಕೇರಳದಲ್ಲಿ ಟ್ರಾಲಿಂಗ್ (ಯಂತ್ರದ ದೋಣಿಯಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ; ಆಗ ತಟ್ಟೆಗೆ ಬರುವ ದೊಡ್ಡ ಮೀನು ಹೆಚ್ಚಾಗಿ ಐಸಿನದು. ಮೀನೂಟದ ಅನ್ನ ದಪ್ಪ ಕುಚ್ಚಲಕ್ಕಿಯದು, ನಮ್ಮ ಮಕ್ಕಳು ಮುಟ್ಟುವುದಿಲ್ಲ. ಬಿಳಿ ಅನ್ನ ಇದೆಯೇ ಎಂದು ಕೂರುವ ಮುಂಚೆ ಕೇಳಿ, ಇಲ್ಲವೆಂದರೆ ಅವರಿಗೆ ಪತ್ತಿರಿ (ಅಕ್ಕಿಹಿಟ್ಟಿನ ತೆಳು ರೊಟ್ಟಿ), ಅಪ್ಪಂ ಹೇಳಿ. ಲೋಟದಲ್ಲಿ ಬರುವ ಗುಲಾಬಿ ಬಣ್ಣದ ಬಿಸಿನೀರಿಗೆ ಹೆದರಬೇಕಿಲ್ಲ, ಪದಿಮುಖಂ ಎಂಬ ಚೆಕ್ಕೆ ಹಾಕಿ ಕುದಿಸಿದ್ದು. ಮಾಂಸ ಮುಟ್ಟದ ಅಜ್ಜಿಗೆ ಬೆಳಗ್ಗೆ ಪುಟ್ಟು–ಕಡಲೆ, ಮಧ್ಯಾಹ್ನ ಸಸ್ಯಾಹಾರಿ ಊಟ ಎರಡೂ ಸಲೀಸು. ಕೊಬ್ಬರಿ ಎಣ್ಣೆ ಒಗ್ಗದಿದ್ದರೆ ಮೊಸರನ್ನ ಇದ್ದೇ ಇದೆ.

ಉಬ್ಬರದ ಹೊತ್ತಿಗೆ ಎರಡು ಜಾಗ. ಒಂದು, 1505ರಲ್ಲಿ ಪೋರ್ಚುಗೀಸರು ಕಟ್ಟಿದ ಸೇಂಟ್ ಆಂಜೆಲೋ ಕೋಟೆ. ಜಂಬಿಟ್ಟಿಗೆಯ ಗೋಡೆ, ಕೆಳಗೆ ಮಾಪ್ಪಿಳ ಕೊಲ್ಲಿಯ ದೋಣಿಗಳು. ನಾಲ್ಕರ ಮೇಲೆ ಹೋದರೆ ನೆತ್ತಿ ಸುಡುವುದಿಲ್ಲ. ಶ್ರೀರಂಗಪಟ್ಟಣದ 1792ರ ಒಪ್ಪಂದದಲ್ಲಿ ಟಿಪ್ಪು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದು ಈ ಮಲಬಾರನ್ನೇ ಎಂದು ಮಕ್ಕಳಿಗೆ ಅಲ್ಲೇ ಹೇಳಬಹುದು. ಇನ್ನೊಂದು ಪರಶ್ಶಿನಿಕಡವಿನ ಮುತ್ತಪ್ಪನ ಗುಡಿ. ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ನೋಡಲು ಬೇರೆಡೆ ಋತು ಕಾಯಬೇಕು, ಇಲ್ಲಿ ದಿನವೂ ನಡೆಯುತ್ತದೆ. ನಾಯಿಗಳು ಒಳಗೆಲ್ಲ ಓಡಾಡಿಕೊಂಡಿರುತ್ತವೆ, ಓಡಿಸಬೇಡಿ, ಅವು ಮುತ್ತಪ್ಪನವು. ಬಂದವರಿಗೆಲ್ಲ ಚಹಾ, ಬೇಯಿಸಿದ ಕಾಳು, ತೆಂಗಿನ ಚೂರು ಕೊಡುತ್ತಾರೆ. ಹತ್ತಿರದಲ್ಲೇ ಹಾವಿನ ಪಾರ್ಕೂ ಇದೆ.

ಕಾಡುಪ್ರಾಣಿಗೆಂದು ಆರಳಂ ಅಭಯಾರಣ್ಯವನ್ನು ವಾಪಸು ಬರುವ ದಿನಕ್ಕೆ ಇಡುತ್ತೇನೆ. ಇರಿಟ್ಟಿಯ ಹತ್ತಿರ, ದಾರಿಯಲ್ಲೇ ಸಿಗುತ್ತದೆ, 55 ಚದರ ಕಿ.ಮೀ. ಡಿಸೆಂಬರಿನಿಂದ ಫೆಬ್ರವರಿ ತನಕ ಬಿಳಿ ಚಿಟ್ಟೆಗಳು ಹೊಳೆಯ ಗುಂಟ ಸಾಲುಗಟ್ಟಿ ಹಾರುತ್ತವೆ. ಬಿಸಿಲು ಬಿದ್ದು ರೆಕ್ಕೆ ಕಾಯುವ ತನಕ ಚಿಟ್ಟೆ ಏಳುವುದಿಲ್ಲ, ಹಾಗಾಗಿ ಒಂಬತ್ತರಿಂದ ಹನ್ನೊಂದರ ನಡುವೆ ಅಲ್ಲಿರಬೇಕು. ಒದ್ದೆ ಮರಳಿನ ದಡದಲ್ಲಿ ಉಪ್ಪಿನಂಶ ಹೀರಲು ಗುಂಪಾಗಿ ಕೂರುವಾಗ ಹತ್ತಿರದಿಂದ ಕಾಣುತ್ತವೆ. ಮೇಲೆ ಮಂಗಟ್ಟೆ, ಕೆಂಜಳಿಲು ಸಿಕ್ಕರೆ ಲಾಭ. ಸೆಂಟು ಬೇಡ, ಕೆಂಪು ಅಂಗಿ ಬೇಡ, ಗಲಾಟೆಯಂತೂ ಬೇಡವೇ ಬೇಡ. ಆನೆಯಿರುವ ಕಾಡಾದ್ದರಿಂದ ಗಾರ್ಡು ಹೇಳಿದ ಕಡೆ ಮಾತ್ರ ಇಳಿಯಬೇಕು.

ಊಟ ಇರಿಟ್ಟಿಯಲ್ಲಿ ಮುಗಿಸಿ ಮೂರರೊಳಗೆ ಮಾಕುಟ್ಟ ಹತ್ತಿದರೆ ಕತ್ತಲಾಗುವ ಮುಂಚೆ ತಿತಿಮತಿಯ ಕಾಡು ದಾಟುತ್ತೀರಿ. ಕಾರನ್ನು ಮಾತ್ರ ಮೈಸೂರಿನ ತನಕ ಹಾಗೇ ತರಬೇಡಿ. ಮುಳಪ್ಪಿಲಂಗಾಡಿನ ದಿನ ಸಂಜೆಯೇ ಸರ್ವಿಸ್ ಸ್ಟೇಷನ್ನಿನಲ್ಲಿ ತಳ, ಚಕ್ರದ ಒಳಗೋಡೆ, ಬ್ರೇಕಿನ ಭಾಗಕ್ಕೆ ಸಿಹಿನೀರು ಹೊಡೆಸಿ. ಮೇಲುಮೈ ಕೊಳೆಯಾಗಿದ್ದರೂ ನಡೆಯುತ್ತದೆ, ಉಪ್ಪು ಕೂರುವುದು ಕೆಳಗೆ.