ಮಕ್ಕಳ ಗುಂಪಿನ ಟ್ರಸ್ಟಿಯಾಗುವ ಮುನ್ನ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಇಂಗ್ಲೆಂಡಿಗೆ ಬಂದ ನಮ್ಮವರ ಮಕ್ಕಳು ಶಾಲೆಯ ಗೆಳೆಯರೊಡನೆ ಸ್ಕೌಟ್ಸ್ ಗುಂಪಿಗೋ ಊರಿನ ಯೂತ್ ಕ್ಲಬ್ಬಿಗೋ ಸೇರಿಕೊಂಡರೆ, ಸ್ವಲ್ಪ ಕಾಲದಲ್ಲೇ ಪೋಷಕರಿಗೆ ಒಂದು ಇಮೇಲ್ ಬರುತ್ತದೆ: ಗುಂಪಿಗೆ ಟ್ರಸ್ಟಿಗಳು ಬೇಕಾಗಿದ್ದಾರೆ, ಆಸಕ್ತರು ತಿಳಿಸಬೇಕು. ನಮ್ಮವರಲ್ಲಿ ಅನೇಕರು ಅದು ಇಲ್ಲಿಯೇ ಹುಟ್ಟಿ ಬೆಳೆದವರಿಗಾಗಿ ಬರೆದದ್ದೆಂದು ಸುಮ್ಮನಾಗುತ್ತಾರೆ. ಕೆಲವರು, ಕೇಳಿದವರಿಗೆ ಇಲ್ಲವೆನ್ನಲಾಗದ ದಾಕ್ಷಿಣ್ಯಕ್ಕೆ ಸಿಲುಕಿ, ಏನನ್ನೂ ವಿಚಾರಿಸದೆ ಒಪ್ಪಿಕೊಳ್ಳುತ್ತಾರೆ. ಎರಡೂ ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಟ್ರಸ್ಟಿಯಾಗಲು ಬ್ರಿಟಿಷ್ ಪೌರತ್ವ ಬೇಕಿಲ್ಲ, ಮಕ್ಕಳಿಗೆ ಗಂಟು ಹಾಕಲು ಕಲಿಸುವ ಪರಿಣತಿಯೂ ಬೇಕಿಲ್ಲ. ಆದರೆ ಇದು ಗೌರವಕ್ಕಾಗಿ ಕೊಡುವ ಪದವಿಯಲ್ಲ, ಕಾನೂನಿನ ಹೊಣೆ.

ಪ್ರತಿ ವಾರ ಮಕ್ಕಳಿಗೆ ಆಟ, ಶಿಬಿರ, ಚಾರಣಗಳನ್ನು ನಡೆಸುವವರು ಗುಂಪಿನ ನಾಯಕರು. ಹಣ ಸರಿಯಾಗಿ ಬಳಕೆಯಾಗುತ್ತಿದೆಯೇ, ಮಕ್ಕಳು ಸುರಕ್ಷಿತವಾಗಿದ್ದಾರೆಯೇ, ವಿಮೆ ಜಾರಿಯಲ್ಲಿದೆಯೇ, ಗುಂಪು ತನ್ನ ಉದ್ದೇಶಕ್ಕೆ ತಕ್ಕಂತೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವವರು ಟ್ರಸ್ಟಿಗಳು. ಕೊಂಡಜ್ಜಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ಸ್ಕೌಟ್ಸ್ ಶಿಬಿರಕ್ಕೆ ಹೋಗಿ ಬಂದವರಿಗೆ ಸಮವಸ್ತ್ರದ ಭಾಗ ಪರಿಚಿತ. ಆದರೆ ಇಲ್ಲಿ ಪ್ರತಿ ಊರಿನ ಸ್ಕೌಟ್ಸ್ ಗುಂಪೂ ಸಾಮಾನ್ಯವಾಗಿ ತನ್ನದೇ ಆದ ಪ್ರತ್ಯೇಕ ಚಾರಿಟಿಯಾಗಿದ್ದು (ಲಾಭದ ಉದ್ದೇಶವಿಲ್ಲದ ಸೇವಾ ಸಂಸ್ಥೆ), ತನ್ನದೇ ಟ್ರಸ್ಟಿ ಮಂಡಳಿಯನ್ನು ಹೊಂದಿರುತ್ತದೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ.

ಒಪ್ಪಿಗೆ ಕೊಡುವ ಮುನ್ನ ಗುಂಪಿನ ನಿಯಮಾವಳಿ, ಹಿಂದಿನ ವರ್ಷದ ಲೆಕ್ಕಪತ್ರ ಮತ್ತು ಮಕ್ಕಳ ಸುರಕ್ಷತೆಯ ನೀತಿಯನ್ನು ಕೇಳಿ ಓದಿರಿ. ಇವುಗಳನ್ನು ಕೊಡಲು ಹಿಂಜರಿಯುವ ಗುಂಪಿಗೆ ಸೇರದಿರುವುದೇ ಕ್ಷೇಮ. ಚಾರಿಟಿಗಳ ಮೇಲ್ವಿಚಾರಣೆ ನಡೆಸುವ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ನಿನ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿತ ಚಾರಿಟಿಗಳ ಆದಾಯವೂ ಟ್ರಸ್ಟಿಗಳ ಹೆಸರೂ ಸಿಗುತ್ತವೆ. ನೀವು ಸೇರಿದರೆ ನಿಮ್ಮ ಹೆಸರೂ ಅಲ್ಲಿ ಕಾಣುತ್ತದೆ. ಸ್ಕೌಟ್ಸ್ ಮತ್ತು ಗೈಡ್ಸ್ ಗುಂಪುಗಳ ವಾರ್ಷಿಕ ಆದಾಯ 1 ಲಕ್ಷ ಪೌಂಡಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ಅಲ್ಲಿ ಅಂಥ ಗುಂಪಿನ ಹೆಸರಿಲ್ಲದಿದ್ದರೆ ಸಂಶಯಪಡಬೇಕಾಗಿಲ್ಲ. ಅವುಗಳ ಟ್ರಸ್ಟಿಗಳಿಗೂ ಅದೇ ಹೊಣೆಗಳಿರುತ್ತವೆ.

ಗುಂಪಿನ ಕಾನೂನು ರೂಪ ಯಾವುದೆಂದೂ ಕೇಳಿರಿ. ಸಿಐಒ (ಚಾರಿಟಿಗಳಿಗೆಂದೇ ಇರುವ, ತನ್ನದೇ ಕಾನೂನು ಅಸ್ತಿತ್ವವುಳ್ಳ ಸಂಸ್ಥೆಯ ರೂಪ) ಅಥವಾ ಕಂಪನಿಯಾಗಿದ್ದರೆ ಗುಂಪು ತನ್ನ ಹೆಸರಿನಲ್ಲೇ ಒಪ್ಪಂದ ಮಾಡಿಕೊಳ್ಳಬಲ್ಲದು. ಅಂಥ ಅಸ್ತಿತ್ವವಿಲ್ಲದ ಬರಿಯ ಸಂಘವಾಗಿದ್ದರೆ ಒಪ್ಪಂದಗಳು ಟ್ರಸ್ಟಿಗಳ ಹೆಸರಿನಲ್ಲೇ ಆಗುವುದರಿಂದ, ತೀರಿಸಲಾಗದ ಸಾಲ ಅವರ ಹೆಗಲಿಗೇ ಬೀಳುವ ಸಾಧ್ಯತೆಯಿದೆ. ಇದು ಹೆದರಿ ಹಿಂದೆ ಸರಿಯುವ ವಿಷಯವಲ್ಲ. ಒಪ್ಪಂದಗಳನ್ನೂ ವಿಮೆಯ ಪತ್ರವನ್ನೂ ಗಮನವಿಟ್ಟು ಓದಬೇಕಾದ ವಿಷಯ.

ವೀಸಾದ ಬಗ್ಗೆ ಹೇಳುವುದಾದರೆ, ಸ್ಕಿಲ್ಡ್ ವರ್ಕರ್ ವೀಸಾದವರು ಸಂಬಳವಿಲ್ಲದ ಸೇವೆ ಮಾಡಬಹುದು. ಸ್ಟೂಡೆಂಟ್ ವೀಸಾದವರು, ಅದರಲ್ಲೂ ಗುಂಪು ಕಂಪನಿಯ ರೂಪದಲ್ಲಿದ್ದರೆ, ಒಪ್ಪುವ ಮುನ್ನ ತಮ್ಮ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕೇಳಲೇಬೇಕು. ದಿವಾಳಿತನದಿಂದ ಬಿಡುಗಡೆಯಾಗದವರು ಮತ್ತು ವಂಚನೆಯಂಥ ಅಪರಾಧಕ್ಕೆ ಶಿಕ್ಷೆಯಾಗಿ, ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ತೀರಿದ್ದೆಂದು (spent) ಎನಿಸದವರು ಟ್ರಸ್ಟಿಯಾಗುವಂತಿಲ್ಲ. ಮಕ್ಕಳ ಗುಂಪಾದ್ದರಿಂದ ಡಿಬಿಎಸ್ ಎಂಬ, ಅಪರಾಧ ದಾಖಲೆಗಳ ತಪಾಸಣೆಯೂ ಇರುತ್ತದೆ. ಆ ತಪಾಸಣೆಗೆ ಭಾರತದ ಪೊಲೀಸ್ ದಾಖಲೆ ಸಿಗುವುದಿಲ್ಲವಾದ್ದರಿಂದ, ಹೊಸದಾಗಿ ಬಂದವರನ್ನು ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಕೇಳಬಹುದು. ಅದನ್ನು ಅವಮಾನವೆಂದು ಭಾವಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಭೆಯಲ್ಲಿ ಲೆಕ್ಕ ಕೇಳುವ ಅಭ್ಯಾಸ. ನಮ್ಮೂರ ಗಣೇಶೋತ್ಸವ ಸಮಿತಿಗಳಲ್ಲಿ ಜಮಾ ಖರ್ಚಿನ ವಿವರ ಕೇಳಿದರೆ ಖಜಾಂಚಿಯ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದಂತೆ ಎಂಬ ಭಾವನೆಯಿದ್ದು, ಹಿರಿಯರೆದುರು ಮಾತಾಡಬಾರದೆಂದು ಎಲ್ಲರೂ ತಲೆಯಾಡಿಸಿ ಎದ್ದು ಬರುವುದುಂಟು. ಇಲ್ಲಿ ಟ್ರಸ್ಟಿಗಳ ಹೊಣೆ ಸಾಮೂಹಿಕವಾದದ್ದು. ಹಣ ಖಜಾಂಚಿಯ ಕೆಲಸ, ನನಗೆ ತಿಳಿಯದು ಎಂದು ಯಾರೂ ಹೇಳುವಂತಿಲ್ಲ. ಒಂದು ಉದಾಹರಣೆ ನೋಡೋಣ. ಖಜಾಂಚಿ ಮೇಜಿನ ಮೇಲಿಟ್ಟ ಒಂದು ಪುಟದ ವರದಿಯಲ್ಲಿ ಬ್ಯಾಂಕಿನಲ್ಲಿ 9,400 ಪೌಂಡು ಇದೆಯೆಂದು ಬರೆದಿದೆ. ಅದನ್ನು ಕಂಡವರು ಹೊಸ ದೋಣಿ ಕೊಳ್ಳೋಣವೆನ್ನುತ್ತಾರೆ. ಆದರೆ ಅದರಲ್ಲಿ 3,200 ಪೌಂಡು ಬೇಸಿಗೆ ಶಿಬಿರಕ್ಕಾಗಿ ಪೋಷಕರು ಮುಂಗಡ ಕಟ್ಟಿದ ಹಣ, 2,000 ಪೌಂಡು ಡೇರೆಗಳಿಗೆಂದೇ ದಾನಿಗಳು ಕೊಟ್ಟದ್ದು. ಡೇರೆಗೆಂದು ಕೊಟ್ಟದ್ದನ್ನು ಹಾಲ್ ಬಾಡಿಗೆಗೆ ಬಳಸುವುದಕ್ಕೂ ಅವಕಾಶವಿಲ್ಲ. ಹೀಗಾಗಿ ಗುಂಪಿನ ಕೈಯಲ್ಲಿ ಉಳಿದದ್ದು 4,200 ಪೌಂಡು ಮಾತ್ರ, ಅದರಲ್ಲೇ ಬಾಡಿಗೆ ಮತ್ತು ವಿಮೆ ನಡೆಯಬೇಕು. "ಇದರಲ್ಲಿ ಬೇರೆ ಉದ್ದೇಶಕ್ಕೆ ಮೀಸಲಾದ ಹಣ ಎಷ್ಟು?" ಎಂಬ ಒಂದು ಪ್ರಶ್ನೆಯನ್ನು ಮೃದುವಾಗಿ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ; ಒಳ್ಳೆಯ ಖಜಾಂಚಿಗೆ ಸಮಾಧಾನವೇ ಆಗುತ್ತದೆ. ಉತ್ತರ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದೂ ನೋಡಿಕೊಳ್ಳಿ. ಬ್ಯಾಂಕಿನ ಪಾವತಿಗಳಿಗೆ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ಇಲ್ಲದಿದ್ದರೆ, ನಿಮ್ಮ ಮೊದಲ ಸಲಹೆ ಅದೇ ಆಗಿರಲಿ. ತೆರಿಗೆ ಕಟ್ಟುವ ದಾನಿಗಳು ಗಿಫ್ಟ್ ಏಡ್ ಅರ್ಜಿ ತುಂಬಿಕೊಟ್ಟರೆ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಬರುತ್ತದೆ. ಲೆಕ್ಕ ಬಲ್ಲ ನಮ್ಮವರೊಬ್ಬರು ಈ ಕೆಲಸ ವಹಿಸಿಕೊಂಡರೆ ಸಣ್ಣ ಗುಂಪಿಗೆ ದೊಡ್ಡ ನೆರವು.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ. ಯಾವುದೇ ವಯಸ್ಕರು ಒಂದು ಮಗುವಿನೊಡನೆ ಒಂಟಿಯಾಗಿ ಇರಬೇಕಾದ ಸಂದರ್ಭವನ್ನು ತಪ್ಪಿಸಬೇಕು. ದೂರು ಬಂದಾಗ "ಪಾಪ, ಒಳ್ಳೆಯ ಮನುಷ್ಯ, ದೊಡ್ಡದು ಮಾಡುವುದು ಬೇಡ" ಎಂದು ನಮ್ಮಲ್ಲಿ ಹೇಳುವ ಮಾತು ಇಲ್ಲಿ ಸಲ್ಲದು, ಅಲ್ಲಿಯೂ ಸಲ್ಲಬಾರದು. ಟ್ರಸ್ಟಿಗಳು ತಾವೇ ವಿಚಾರಣೆ ನಡೆಸಲು ಹೋಗದೆ, ಗುಂಪಿನ ಸುರಕ್ಷತಾ ಹೊಣೆಗಾರರಿಗೆ ಕೂಡಲೇ ತಿಳಿಸಿ, ಅವರ ಮೂಲಕ ಸ್ಥಳೀಯ ಆಡಳಿತದ ಅಧಿಕಾರಿಗಳಿಗೆ ಮುಟ್ಟಿಸಬೇಕು. ಮಗು ತಕ್ಷಣದ ಅಪಾಯದಲ್ಲಿದ್ದರೆ 999ಕ್ಕೆ ಕರೆ ಮಾಡಬೇಕು. ಗಂಭೀರ ಘಟನೆಗಳನ್ನು ಚಾರಿಟಿ ಕಮಿಷನ್ನಿಗೂ ವರದಿ ಮಾಡಬೇಕಾಗುತ್ತದೆ.

ಶಿಬಿರಕ್ಕೆ ಊಟ ಒದಗಿಸುವವರು ನಿಮ್ಮ ಸಂಬಂಧಿಕರೇ ಆಗಿದ್ದರೆ ಸಭೆಯಲ್ಲಿ ಮೊದಲೇ ತಿಳಿಸಿ, ಆ ತೀರ್ಮಾನದಿಂದ ಹೊರಗುಳಿಯಿರಿ. ಟ್ರಸ್ಟಿಗೆ ಸಂಬಳವಿಲ್ಲ, ಆದರೆ ಪ್ರಯಾಣದಂಥ ಸಹಜ ವೆಚ್ಚವನ್ನು ರಸೀದಿ ಕೊಟ್ಟು ಪಡೆಯಬಹುದು.

ನಿರ್ಧಾರಕ್ಕೆ ಮುನ್ನ ಒಂದು ಸಭೆಗೆ ವೀಕ್ಷಕರಾಗಿ ಬರಬಹುದೇ ಎಂದು ಅಧ್ಯಕ್ಷರನ್ನು ಕೇಳಿರಿ. ಮುಂದೆ ಎಂದಾದರೂ ಊರು ಬದಲಾಯಿಸಬೇಕಾಗಿ ಬಂದರೆ, ಸುಮ್ಮನೆ ಸಭೆಗೆ ಹೋಗುವುದನ್ನು ನಿಲ್ಲಿಸಬೇಡಿ. ನಿಯಮಾವಳಿಯಂತೆ ಲಿಖಿತ ರಾಜೀನಾಮೆ ಕೊಟ್ಟು, ಬ್ಯಾಂಕಿನ ಸಹಿಯಿಂದಲೂ ಕಮಿಷನ್ನಿನ ದಾಖಲೆಯಿಂದಲೂ ನಿಮ್ಮ ಹೆಸರು ತೆಗೆದಿದ್ದಾರೆಂದು ಖಚಿತಪಡಿಸಿಕೊಳ್ಳಿ.